ಕಂಪನಿಗೆ ಲೆಕ್ಕ ಕೇಳುವುದನ್ನೂ ಕಲಿಯಬಹುದು: ಎಂಡೋಸಲ್ಫಾನ್ ನೆಲದಲ್ಲಿ ಇಂಟರ್ನ್‌ಶಿಪ್‌ನ ಪಾಠ

ಇಂಟರ್ನ್‌ಶಿಪ್ ಅಂದ ಕೂಡಲೇ ಕಾಸರಗೋಡು-ಮಂಗಳೂರು ಕಡೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಬ್ಯಾಂಕು, ಆಸ್ಪತ್ರೆ, ಐಟಿ ಕಂಪನಿ. ಆದರೆ ಕಂಪನಿಯೊಂದರಿಂದ ಜನರಿಗೆ ತೊಂದರೆಯಾದಾಗ ಅದರ ಲೆಕ್ಕ ಕೇಳುವುದು ಹೇಗೆ ಎಂದು ಕಲಿಸುವ ಇಂಟರ್ನ್‌ಶಿಪ್‌ಗಳೂ ಇವೆ. ಈ ಕ್ಷೇತ್ರಕ್ಕೆ ಕಾರ್ಪೊರೇಟ್ ಉತ್ತರದಾಯಿತ್ವ ಎನ್ನುತ್ತಾರೆ. ಕಾನೂನು ಓದುವವರಿಗೆ ಮಾತ್ರವಲ್ಲ, ಬಿಕಾಂ, ಪತ್ರಿಕೋದ್ಯಮ, ಸಮಾಜಕಾರ್ಯ ಓದುವವರಿಗೂ ಇಲ್ಲಿ ಕೆಲಸವಿದೆ.

ಇದು ಸಿಎಸ್‌ಆರ್ ಅಲ್ಲ

ಹಲವರು ಇದನ್ನು ಸಿಎಸ್‌ಆರ್ ಅಂದುಕೊಳ್ಳುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅದು ಸಿಎಸ್‌ಆರ್. ಶಾಲೆಗೆ ಬೆಂಚು ಕೊಟ್ಟ ಕಂಪನಿಯೇ ಊರಿನ ತೋಡಿಗೆ ವಿಷ ಬಿಟ್ಟರೆ ಏನು ಮಾಡುವುದು? ಆ ಪ್ರಶ್ನೆಯನ್ನು ಕೇಳುವುದು ಉತ್ತರದಾಯಿತ್ವ. ಕೊಟ್ಟ ದಾನದಿಂದ ಮಾಡಿದ ಹಾನಿ ಮುಚ್ಚಿಹೋಗುವುದಿಲ್ಲ.

ಇದಕ್ಕೆ ಜಾಗತಿಕ ಅಳತೆಗೋಲೂ ಇದೆ. 2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 31 ಮಾರ್ಗದರ್ಶಿ ತತ್ವಗಳನ್ನು ಒಪ್ಪಿಕೊಂಡಿತು. ಸಾರ ಮೂರೇ ಮಾತು: ಹಕ್ಕುಗಳನ್ನು ಕಾಪಾಡುವುದು ಸರಕಾರದ ಕೆಲಸ, ಅವನ್ನು ಗೌರವಿಸುವುದು ಕಂಪನಿಯ ಹೊಣೆ, ಹಾನಿಯಾದವರಿಗೆ ಪರಿಹಾರದ ದಾರಿ ಇರಬೇಕು.

ಮನೆ ಬಾಗಿಲಲ್ಲೇ ಇದ್ದ ಪ್ರಕರಣ

ಈ ಮೂರೂ ಎಲ್ಲಿ ತಪ್ಪಿತು ಎಂದು ನೋಡಲು ದೂರ ಹೋಗಬೇಕಿಲ್ಲ. ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಕೀಟನಾಶಕ ತಯಾರಿಸುತ್ತಿದ್ದ ಕಂಪನಿಗಳಲ್ಲಿ ಒಂದಾದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೇಂದ್ರ ಸರಕಾರದ್ದು. ಅಂದರೆ ಕಾಪಾಡಬೇಕಾದವರೇ ಕಂಪನಿಯ ಮಾಲಕರು. ದೂರು ಕೊಡುವುದಾದರೂ ಯಾರಿಗೆ?

ಎಣ್ಮಕಜೆ, ಬೆಳ್ಳೂರು, ಮುಳಿಯಾರು, ಪೆರಿಯದಂಥ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳು ಕಾಣಿಸಿಕೊಂಡವು. ಪತ್ರಕರ್ತ ಶ್ರೀ ಪಡ್ರೆ ಅದರ ಬಗ್ಗೆ ಬರೆದರು. ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳನ್ನು ಗಮನಿಸಿ ದಾಖಲಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ರ ಹೊತ್ತಿಗೆ ವೈಮಾನಿಕ ಸಿಂಪಡಣೆ ನಿಂತಿತು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಯೂ ಇದೇ ಗೋಳು.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. 2022ರ ಮೇಯಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ: 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಕೋರ್ಟು ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಗೆದ್ದ ಆದೇಶವೂ ಬೆನ್ನು ಹತ್ತುವವರಿಲ್ಲದಿದ್ದರೆ ಕಾಗದವಾಗಿಯೇ ಉಳಿಯುತ್ತದೆ.

ಇಂಟರ್ನ್ ಏನು ಮಾಡುತ್ತಾರೆ?

ಘೋಷಣೆ ಕೂಗುವುದಕ್ಕಿಂತ ಕಡತ ಕಟ್ಟುವ ಕೆಲಸವೇ ಜಾಸ್ತಿ. ಎಂಡೋಸಲ್ಫಾನ್‌ನಲ್ಲೂ ರೋಗಕ್ಕೆ ಅದೇ ಕಾರಣವೇ ಎಂದು ಸಮಿತಿಗಳ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಅಂಥ ಹೊತ್ತಿನಲ್ಲಿ ಮಾತಾಡುವುದು ದಾಖಲೆ. ಯಾವ ತಾರೀಕಿಗೆ ಸಿಂಪಡಣೆ ಆಯಿತು, ಮನೆ ತೋಟದಿಂದ ಎಷ್ಟು ದೂರ, ಮಗು ಯಾವಾಗ ಹುಟ್ಟಿತು, ಆಸ್ಪತ್ರೆಯ ಚೀಟಿ ಎಲ್ಲಿದೆ? ಇದನ್ನೆಲ್ಲ ಜೋಡಿಸಿ ಕಾಲಾನುಕ್ರಮದ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಹೆಸರು ಬರುವುದೂ ಬಿಟ್ಟುಹೋಗುವುದೂ ಎಷ್ಟೋ ಸಲ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಆರ್‌ಟಿಐ ಅರ್ಜಿ ಬರೆಯುವುದು ಇನ್ನೊಂದು ಕೆಲಸ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸರಕಾರಿ ಕಂಪನಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಬಿಕಾಂ ಕಲಿತವರಿಗೆ ಕಂಪನಿಯ ವಾರ್ಷಿಕ ವರದಿ ಓದುವುದೇ ದೊಡ್ಡ ಪಾಠ. ಷೇರುಪೇಟೆಯ ಅಗ್ರ 1,000 ಕಂಪನಿಗಳು 2022-23ರಿಂದ ಪರಿಸರ, ಕಾರ್ಮಿಕರು, ದೂರುಗಳ ವಿವರವಿರುವ ಬಿಆರ್‌ಎಸ್‌ಆರ್ ವರದಿ ಕೊಡಬೇಕೆಂದು ಸೆಬಿ ನಿಯಮವಿದೆ. ಅದರಲ್ಲಿ ಬರೆದದ್ದಕ್ಕೂ ಊರಲ್ಲಿ ಕಂಡದ್ದಕ್ಕೂ ತಾಳೆ ನೋಡಬಹುದು.

ಗಡಿನಾಡಿನ ಮಕ್ಕಳ ಕೈಯಲ್ಲಿ ಇನ್ನೊಂದು ಬಂಡವಾಳವಿದೆ: ಭಾಷೆ. ಆದೇಶ ಮಲಯಾಳದಲ್ಲಿ, ತೀರ್ಪು ಇಂಗ್ಲಿಷಿನಲ್ಲಿ, ಮನೆಯವರ ಮಾತು ತುಳು, ಬ್ಯಾರಿ ಅಥವಾ ಕನ್ನಡದಲ್ಲಿ. ಇವನ್ನೆಲ್ಲ ಬಲ್ಲ ಇಂಟರ್ನ್ ದಿಲ್ಲಿಯಿಂದ ಬರುವವರಿಗೆ ಸಾಧ್ಯವಾಗದ್ದನ್ನು ಮಾಡಬಲ್ಲರು.

ಎಲ್ಲಿ ಸೇರುವುದು?

ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಎಲ್‌ಎಲ್‌ಬಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಬೇಕೇ ಬೇಕು. ಅದರ ಒಂದು ಪಾಲನ್ನು ಈ ಕ್ಷೇತ್ರದ ಎನ್‌ಜಿಒ ಅಥವಾ ವಕೀಲರ ಬಳಿ ಕಳೆಯಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದಿಲ್ಲಿಯಲ್ಲೂ ಆನ್‌ಲೈನ್‌ನಲ್ಲೂ ಇಂಟರ್ನ್‌ಶಿಪ್ ನಡೆಸುತ್ತದೆ. ಆನ್‌ಲೈನ್ ಆದರೆ ಊರಲ್ಲೇ ಇದ್ದು ಮುಗಿಸಬಹುದು. ಸೇರುವ ಮೊದಲು ಸ್ಟೈಪೆಂಡ್ ಇದೆಯಾ, ವಸತಿ ಯಾರದ್ದು, ಕೆಲಸ ಕಲಿಸುವವರು ಯಾರು ಎಂದು ಕೇಳಲು ನಾಚಬೇಕಿಲ್ಲ. ಎಷ್ಟೋ ಕಡೆ ಸಂಬಳವಿಲ್ಲ, ಮನೆಯವರಿಗೆ ಹೊರೆಯಾಗಬಾರದಲ್ಲ.

ಕೆಲವು ಎಚ್ಚರಗಳು

ಒಪ್ಪಿಗೆ ಇಲ್ಲದೆ ಹಾಸಿಗೆ ಹಿಡಿದ ಮಗುವಿನ ಫೋಟೊ ತೆಗೆಯಬಾರದು. ಕೊಟ್ಟ ಮೂಲ ದಾಖಲೆಯನ್ನು ಇಟ್ಟುಕೊಳ್ಳದೆ ಪ್ರತಿ ಮಾಡಿಸಿ ವಾಪಸು ಕೊಡಬೇಕು. "ಪರಿಹಾರ ಕೊಡಿಸುತ್ತೇವೆ" ಎಂಬ ಮಾತು ಇಂಟರ್ನ್ ಬಾಯಿಂದ ಬರಲೇಬಾರದು. ಆರೋಪ ಬರೆಯುವ ಮೊದಲು ಕಂಪನಿಯ ಉತ್ತರವನ್ನೂ ಕೇಳಬೇಕು.

ತಾರೀಕಿನ ಲೆಕ್ಕವೂ ಬೇಕು. ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ತನಿಖೆ ಮಾಡುವಂತಿಲ್ಲ. ಇಂಥ ಒಂದು ಗಡುವನ್ನು ತಿಳಿದ ಹುಡುಗ ಅಥವಾ ಹುಡುಗಿ ಊರಿಗೊಬ್ಬರಿದ್ದರೂ ಸಾಕು, ಮುಂದಿನ ದೂರು ತಡವಾಗದೆ ಹೋಗುತ್ತದೆ.