ಹುಲ್ಲು ಬೆಳೆದ ನೆಲ ಪಾಳಲ್ಲ

ಹಾಸನದ ಬಡಾವಣೆಯೊಂದರ ಉದ್ಯಾನದಲ್ಲಿ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲೆತ್ತರದ ಹುಲ್ಲು ತೆನೆಗಟ್ಟಿ ನಿಂತಿತ್ತು. ಹಾವಿನ ಭಯದಿಂದ ನಿವಾಸಿಗಳು ದೂರಿತ್ತರು. ಜೆಸಿಬಿ ಬಂದು ನೆಲವನ್ನೇ ಕೆರೆದು ಹೋಯಿತು. ಮುಂದಿನ ಮಳೆಗೆ ಅಲ್ಲಿ ಎದ್ದು ನಿಂತದ್ದು ಪಾರ್ಥೇನಿಯಂ.

ಹುಲ್ಲುನೆಲದ ಪಾಲನೆ ನಮ್ಮ ಸೀಮೆಗೆ ಹೊಸ ವಿದ್ಯೆಯೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಆ ದನಗಳಿಗೆಂದು ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಕಾದಿರಿಸಿದ್ದ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ನೀರು, ನೆರಳು ಇದ್ದ ಬೇಸಿಗೆಯ ಕಾವಲಿಗೇ ಹೆಚ್ಚು ಬೆಲೆ. ಋತುವಿಗೆ ತಕ್ಕಂತೆ ದನಗಳು ಜಾಗ ಬದಲಿಸುತ್ತಿದ್ದುದರಿಂದ ಮೇಯ್ದ ನೆಲಕ್ಕೆ ಬಿಡುವು ದೊರೆಯುತ್ತಿತ್ತು.

ಊರ ದನಗಳಿಗೆ ಗೋಮಾಳವಿತ್ತು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮವು ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಭೂಮಿ ಮೀಸಲಿಡಬೇಕೆನ್ನುತ್ತದೆ. ತೊಂಬತ್ತರ ದಶಕದಲ್ಲಿ ಬಗರ್‌ಹುಕುಂ ಕಡತಗಳನ್ನು ನೋಡುತ್ತಿದ್ದ ನಾನು ಈ ಲೆಕ್ಕವನ್ನು ತಿರುಗುಮುರುಗಾಗಿ ಬಳಸಿದೆ. ಜಾನುವಾರು ಗಣತಿಯ ಅಂಕಿ ತಗ್ಗಿದಷ್ಟೂ ‘ಹೆಚ್ಚುವರಿ’ ಗೋಮಾಳ ಹಿಗ್ಗುತ್ತಿತ್ತು. ಹಿಗ್ಗಿದ್ದನ್ನು ಮಂಜೂರಿಗೆ ಶಿಫಾರಸು ಮಾಡುತ್ತಿದ್ದೆ. ಸಾಗುವಳಿದಾರರಲ್ಲಿ ಭೂಹೀನರೂ ಇದ್ದರು, ಅವರಿಗೆ ಭೂಮಿ ದೊರೆತದ್ದನ್ನು ತಪ್ಪೆನ್ನಲಾರೆ. ಆದರೆ ಸ್ಥಳ ತನಿಖೆಗೆ ಬೇಸಿಗೆಯಲ್ಲಿ ಹೋಗಿ, ಒಣಗಿ ನಿಂತ ಕರಡವನ್ನು ಕಂಡು ‘ಪಾಳು’ ಎಂದು ಷರಾ ಬರೆದದ್ದು ನನ್ನ ತಪ್ಪು. ಅದೇ ನೆಲವನ್ನು ಕಾರ್ತಿಕದಲ್ಲಿ ನೋಡಬೇಕಿತ್ತು.

ಸಾಮುದಾಯಿಕ ಸಂಪತ್ತು ಹಾಳಾಗುವುದೇ ಅದರ ಹಣೆಬರಹ ಎಂದು ನಾವು ಓದಿದ ಅರ್ಥಶಾಸ್ತ್ರ ಹೇಳುತ್ತಿತ್ತು. ಬಳಸುವವರೇ ನಿಯಮ ಮಾಡಿಕೊಂಡು ಅದನ್ನು ಉಳಿಸಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ನನ್ನ ಷರಾಗಳ ಮೇಲೆ ಖಾತೆಗಳೇ ಆಗಿಹೋಗಿದ್ದವು!

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೆರೆ ಏರಿ, ನಾಲೆಯ ಬದಿ, ಗುಂಡುತೋಪು, ಸ್ಮಶಾನಗಳಲ್ಲಿ ಇನ್ನೂ ಹುಲ್ಲಿದೆ. ಅದನ್ನು ಉಳಿಸಿಕೊಳ್ಳಲು ದೊಡ್ಡ ಯೋಜನೆ ಬೇಕಿಲ್ಲ. ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ಯಬೇಕು. ಒಮ್ಮೆಗೇ ಬೋಳಿಸದೆ ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ಕೊಯ್ದರೆ ಹಕ್ಕಿ, ಕೀಟಗಳಿಗೂ ನೆಲೆಯಿರುತ್ತದೆ. ಕೊಯ್ದದ್ದನ್ನು ಅಲ್ಲೇ ಸುಡದೆ ದನ ಸಾಕುವವರಿಗೆ ಕೊಡಬೇಕು. ಬೇರು ಉಳಿದರೆ ಏರಿಯ ಮಣ್ಣೂ ಉಳಿಯುತ್ತದೆ. ಉದ್ಯಾನಗಳಲ್ಲಿ ಹಾವಿನ ಭಯವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ನಡೆಯುವ ಹಾದಿಯ ಎರಡೂ ಮಗ್ಗುಲು ಹುಲ್ಲನ್ನು ಗಿಡ್ಡಗೆ ಇಟ್ಟುಕೊಂಡರಾಯಿತು.

ನಮ್ಮ ಬಡಾವಣೆಯ ಉದ್ಯಾನದ ಹಿಂದಿನ ಬೀದಿಯಲ್ಲಿ ಎರಡು ಹಸು ಕಟ್ಟಿಕೊಂಡ ಹೆಣ್ಣುಮಗಳೊಬ್ಬರಿದ್ದಾರೆ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಒಣಹುಲ್ಲು ತರುತ್ತಾರೆ. ಜೆಸಿಬಿ ಬರುವ ವಾರದ ಮುಂಚೆ, ಹುಲ್ಲು ಕೊಯ್ದುಕೊಳ್ಳಲೇ ಎಂದು ಅವರು ಕೇಳಿದ್ದರಂತೆ. ಯಾರ ಅನುಮತಿ ಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಗೇಟಿಗೆ ಬೀಗವಿತ್ತು.