ಯಂತ್ರದ ಒಳಭಾಷೆ ಬಲ್ಲವರು ಕಾರ್ಖಾನೆಯಲ್ಲಿರಲಿ

ಖಾದ್ಯ ತೈಲ ತುಂಬುವ ಸರಳ ಯಂತ್ರಗಳಲ್ಲಿ ಪೊಟ್ಟಣದ ಪ್ರಮಾಣವನ್ನು ನಿರ್ಧರಿಸುವುದು ವಾಲ್ವ್ ತೆರೆದಿರುವ ಅವಧಿ. ಆ ಅವಧಿಯನ್ನು ಎಣಿಸುವುದು ಕಂಟ್ರೋಲ್ ಬೋರ್ಡಿನ ಮೈಕ್ರೋಕಂಟ್ರೋಲರ್. ಇಂಟೆಲ್ ಸಂಸ್ಥೆ 1980ರಲ್ಲಿ ಹೊರತಂದ 8051 ಇವುಗಳಲ್ಲಿ ಸುಪ್ರಸಿದ್ಧ. ಅದಕ್ಕೆ ಹೊಂದುವ ಚಿಪ್‌ಗಳನ್ನು ಇತರ ಸಂಸ್ಥೆಗಳು ಇಂದಿಗೂ ತಯಾರಿಸುತ್ತಿವೆ.

ಮೂಲ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 4 ಕಿಲೋಬೈಟ್, ಲೆಕ್ಕಾಚಾರಕ್ಕೆ 128 ಬೈಟ್ ಮೆಮೊರಿ. ನಮ್ಮ ಚಿಟ್ಟಾ ಪುಸ್ತಕದ ಒಂದು ಪುಟವೂ ಆ 128 ಬೈಟ್‌ಗಳಲ್ಲಿ ಹಿಡಿಸದು! ಇಂತಹ ಇಕ್ಕಟ್ಟಿನಲ್ಲಿ ಅಸೆಂಬ್ಲಿ ಭಾಷೆಯೇ ಒದಗಿಬರುವುದು. ಅದರ ಪ್ರತಿ ಆದೇಶಕ್ಕೂ ತಗಲುವ ಕಾಲ ನಿಶ್ಚಿತ. ಕ್ರಿಸ್ಟಲ್ಲಿನ 12 ಮಿಡಿತಗಳಿಗೆ ಒಂದು ಆವರ್ತ. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಅದು ಒಂದು ಮೈಕ್ರೋಸೆಕೆಂಡು. ‘ಒಂದು ಕಳೆ, ಸೊನ್ನೆಯಾಗದಿದ್ದರೆ ಮರಳಿ ಸುತ್ತು’ ಎಂಬ ಆದೇಶಕ್ಕೆ ಎರಡು ಆವರ್ತ. 250 ಸುತ್ತಿಗೆ 500 ಮೈಕ್ರೋಸೆಕೆಂಡು.

ದುರಸ್ತಿಯವರು ಕೆಟ್ಟ ಕ್ರಿಸ್ಟಲ್ಲಿನ ಬದಲಿಗೆ 11.0592 ಮೆಗಾಹರ್ಟ್ಸ್‌ನದನ್ನು ಹಾಕಿದರೆನ್ನೋಣ. ಯಂತ್ರವೇನೋ ನಡೆಯುತ್ತದೆ. ಆದರೆ ಅವಧಿ ಸುಮಾರು ಶೇ. 8.5ರಷ್ಟು ಹಿಗ್ಗುತ್ತದೆ, ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಾಗಿ ಬೀಳುತ್ತದೆ. ನಷ್ಟ ಮಾಲೀಕರದು, ಆಪಾದನೆ ಮಾತ್ರ ವಾಲ್ವಿನ ಮೇಲೆ. ಅದಲುಬದಲಾದರೆ ಪೊಟ್ಟಣದಲ್ಲಿ ಶೇ. 8ರಷ್ಟು ಕೊರತೆ, ಆಗ ಬಾಗಿಲಿಗೆ ಬರುವವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು.

ರಿಜಿಸ್ಟರು, ಮೆಮೊರಿ, ಟೈಮರ್ ಇವುಗಳ ಪರಿಚಯವಿರುವ ಒಬ್ಬ ನೌಕರ ಇದನ್ನು ಕ್ರಿಸ್ಟಲ್ ಮೇಲಿನ ಅಂಕಿ ನೋಡಿಯೇ ಊಹಿಸಬಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರನ್ನು ಈ ಕಲಿಕೆಗೆ ಹಚ್ಚುವುದು ಲೇಸು. ಬೋರ್ಡ್ ಕೊಳ್ಳುವಾಗ ಮೂಲ ಪ್ರೋಗ್ರಾಮಿನ ಪ್ರತಿ ಹಾಗೂ ಸರ್ಕ್ಯೂಟ್ ನಕ್ಷೆಯನ್ನು ಖರೀದಿ ಆದೇಶದಲ್ಲೇ ನಮೂದಿಸಿ ಪಡೆಯತಕ್ಕದ್ದು. ಹಣ ಸಂದಾಯವಾದ ಮೇಲೆ ಕೇಳಿದರೆ ದೊರೆಯುವುದು ಕಷ್ಟ.