ಬಟನ್ ಒತ್ತಿದ ಮಾತ್ರಕ್ಕೆ ಲೆಕ್ಕ ಸರಿಯಾಯಿತೇ?

ಗುಜರಾತಿನ ವ್ಯಾಪಾರಿಗಳು ದೀಪಾವಳಿಯ ಚೋಪಡಾ ಪೂಜೆಯಲ್ಲಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕದ ಪಕ್ಕಕ್ಕೆ ಈಗ ಲ್ಯಾಪ್‌ಟಾಪನ್ನೂ ಇಡುತ್ತಾರೆ. ಅದಕ್ಕೆ ಜಿಎಸ್‌ಟಿಯೂ ಒಂದು ಕಾರಣ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸೂರತ್ತಿನ ಜವಳಿ ವ್ಯಾಪಾರಿಗಳು ದಿನಗಟ್ಟಲೆ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಆದರೂ ಕಂಪ್ಯೂಟರಿನಲ್ಲಿ ರಿಟರ್ನ್ ಸಲ್ಲಿಸುವುದು ತಪ್ಪಲಿಲ್ಲ. ಅಹಮದಾಬಾದಿನ ಮಸ್ಕತಿ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಿರಲಿ, ವಡೋದರಾದ ಮಕರಪುರದ ಕಾರ್ಖಾನೆಯಿರಲಿ, ಸೂರತ್ತಿನ ರಿಂಗ್ ರೋಡಿನ ಸೀರೆ ಮಳಿಗೆಯಿರಲಿ, ತಿಂಗಳ ಬಿಲ್ಲುಗಳನ್ನು ಒಟ್ಟು ಮಾಡಲು ಎಕ್ಸೆಲ್ ಹಾಳೆಯಲ್ಲಿ ಒಂದು ಬಟನ್ ಇಟ್ಟುಕೊಳ್ಳುವುದು ಸಹಜ. ತೆರಿಗೆಯ ಸಾರಾಂಶ ಕೊಡುವ ಜಿಎಸ್‌ಟಿಆರ್-3ಬಿ ರಿಟರ್ನಿಗೆ ಸರ್ಕಾರವೇ ಕೊಟ್ಟ ಆಫ್‌ಲೈನ್ ಎಕ್ಸೆಲ್ ಕಡತದಲ್ಲೂ ಪರಿಶೀಲನೆಗೊಂದು, ಅಪ್‌ಲೋಡ್ ಮಾಡುವ ಫೈಲ್ ತಯಾರಿಸಲೊಂದು ಬಟನ್ ಇದೆ. ತಪ್ಪು ಕಲ್ಪನೆ ಬೇರು ಬಿಟ್ಟಿರುವುದು ಇಲ್ಲೇ: ಬಟನ್ ಒತ್ತಿದರೆ ಕೆಲಸ ಮುಗಿಯಿತು, ಒಮ್ಮೆ ಸರಿ ಬಂದದ್ದು ಪ್ರತಿ ತಿಂಗಳೂ ಸರಿ ಬರುತ್ತದೆ ಎಂಬ ನಂಬಿಕೆ.

ನಿಜವೆಂದರೆ ಬಟನ್ ಬರಿಯ ಚಿತ್ರ. ಕೆಲಸ ಮಾಡುವುದು ಮ್ಯಾಕ್ರೋ, ಅಂದರೆ ಎಕ್ಸೆಲ್ ಒಂದರ ಹಿಂದೊಂದು ಮಾಡಬೇಕಾದ ಹೆಜ್ಜೆಗಳ ಪಟ್ಟಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಅಸೈನ್ ಮ್ಯಾಕ್ರೋ' ಆರಿಸಿದಾಗ ಅದಕ್ಕೆ ಅಂಟಿಕೊಳ್ಳುವುದು ಮ್ಯಾಕ್ರೋದ ಹೆಸರು ಮಾತ್ರ. ಮ್ಯಾಕ್ರೋದ ಹೆಸರು ಬದಲಿಸಿದರೆ ಬಟನ್ ಕೆಲಸಕ್ಕೆ ಬಾರದು. ಬಟನ್ ಅಳಿಸಿದರೆ ಮ್ಯಾಕ್ರೋ ಹಾಗೇ ಇರುತ್ತದೆ. ಹಾಳೆಯನ್ನು ಹೊಸ ಕಡತಕ್ಕೆ ನಕಲು ಮಾಡಿದರೆ ಅಲ್ಲಿನ ಬಟನ್ ಹಳೆಯ ಕಡತವನ್ನೇ ಹುಡುಕಿಕೊಂಡು ಹೋಗುತ್ತದೆ. ಕಡತವನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ಬಟನ್ ಕಣ್ಣಿಗೆ ಕಾಣುತ್ತದೆ, ಒಳಗೆ ಮ್ಯಾಕ್ರೋ ಇರುವುದಿಲ್ಲ. ಅದಕ್ಕೆ ಎಕ್ಸ್‌ಎಲ್‌ಎಸ್‌ಎಮ್ ಬೇಕು. ಆದ್ದರಿಂದ ಲೆಕ್ಕದ ಭರವಸೆಯನ್ನು ಬಟನ್ನಿನ ಮೇಲಲ್ಲ, ಅದರ ಹಿಂದಿರುವ ಮ್ಯಾಕ್ರೋದ ಮೇಲೆ ಇಡಬೇಕು. ಆ ಮ್ಯಾಕ್ರೋ ಬಹುಪಾಲು ರೆಕಾರ್ಡ್ ಮಾಡಿದ್ದಾಗಿರುತ್ತದೆ. ರೆಕಾರ್ಡರ್ ನೆನಪಿಡುವುದು ನಾವು ಮಾಡಿದ್ದನ್ನು. ನಮ್ಮ ಉದ್ದೇಶ ಅದಕ್ಕೆ ತಿಳಿಯುವುದಿಲ್ಲ.

ಸೂರತ್ತಿನ ಸೀರೆ ವ್ಯಾಪಾರಿಯೊಬ್ಬರ ಹಾಳೆಯನ್ನು ಊಹಿಸಿಕೊಳ್ಳಿ. ರೆಕಾರ್ಡ್ ಮಾಡಿದ ತಿಂಗಳು 40 ಬಿಲ್ಲುಗಳಿದ್ದವು. ಗುಮಾಸ್ತ ಮೌಸ್ ಎಳೆದು ಅಷ್ಟನ್ನೂ ಆರಿಸಿ, ಮಾರಾಟದ ವಿವರ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1ರ ಹಾಳೆಗೆ ನಕಲು ಮಾಡಿದ. ಮ್ಯಾಕ್ರೋದಲ್ಲಿ ಬರೆದುಕೊಂಡದ್ದು 'ಎ2ರಿಂದ ಎಚ್41' ಎಂದು. ಮುಂದಿನ ತಿಂಗಳು ಹಬ್ಬದ ವ್ಯಾಪಾರ, 65 ಬಿಲ್ಲು. ಬಟನ್ ಒತ್ತಿದರೆ ಮೊದಲ 40 ಮಾತ್ರ ಹೋಗುತ್ತವೆ, ಎಲ್ಲೂ ತಪ್ಪಿನ ಸಂದೇಶ ಬರುವುದಿಲ್ಲ. ಉಳಿದ 25 ಬಿಲ್ಲುಗಳು ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಯವು ಎಂದಿಟ್ಟುಕೊಳ್ಳಿ. ಒಂದೊಂದು 40,000 ರೂಪಾಯಿಯದಾದರೆ ಒಟ್ಟು 10 ಲಕ್ಷ. ಗುಜರಾತಿನ ರಾಜ್ಯ ಕೋಡ್ 24ರಿಂದ ಕರ್ನಾಟಕದ 29ಕ್ಕೆ ಹೋದ ಸರಕಾದ್ದರಿಂದ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ, ಶೇ. 5ರಂತೆ 50,000 ರೂಪಾಯಿ. 2022ರ ಜನವರಿ 1ರಿಂದ ಮಾರಿದವರು ಜಿಎಸ್‌ಟಿಆರ್-1ರಲ್ಲಿ ತೋರಿಸದ ಬಿಲ್ಲಿಗೆ ಕೊಂಡವರು ತೆರಿಗೆ ಕ್ರೆಡಿಟ್ ಪಡೆಯುವಂತಿಲ್ಲ. ಸೂರತ್ತಿನಲ್ಲಿ ಆದ ತಪ್ಪಿಗೆ ಚಿಕ್ಕಪೇಟೆಯವರು ಆ ತಿಂಗಳು ಕೈಯಿಂದ ದುಡ್ಡು ಹಾಕಬೇಕು.

'ತಪ್ಪಾದರೆ ಹಿಂದಕ್ಕೆ ತರಲು ಕಂಟ್ರೋಲ್ ಝಡ್ ಇದೆಯಲ್ಲ' ಎನ್ನುವವರಿದ್ದಾರೆ. ಇಲ್ಲ. ಮ್ಯಾಕ್ರೋ ಹಾಳೆಯನ್ನು ಬದಲಿಸಿದೊಡನೆ ಎಕ್ಸೆಲ್ ಹಿಂದಿನ ಹೆಜ್ಜೆಗಳ ನೆನಪನ್ನೇ ಅಳಿಸಿಬಿಡುತ್ತದೆ. ಕೈಬರಹದ ಚೋಪಡಾದಲ್ಲಿ ಗೀಟು ಹಾಕಿ ತಿದ್ದಿದ್ದು ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಗುರುತೇ ಉಳಿಯುವುದಿಲ್ಲ. ಬಟನ್ ಒತ್ತುವ ಮೊದಲು ಕಡತದ ಪ್ರತಿ ತೆಗೆದಿಡಬೇಕು.

ಇದಕ್ಕೆ ಎದುರಾದ ವಾದವೂ ಇದೆ: ಮ್ಯಾಕ್ರೋ ಎಂದರೆ ವೈರಸ್, ಅದರ ಸಹವಾಸವೇ ಬೇಡ. ಭಯಕ್ಕೆ ಆಧಾರವಿದೆ. ಕಿಡಿಗೇಡಿ ಮ್ಯಾಕ್ರೋಗಳಿಂದಾಗಿಯೇ ಮೈಕ್ರೋಸಾಫ್ಟ್ 2022ರಿಂದ ಇಂಟರ್ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋವನ್ನು ತಾನಾಗಿಯೇ ತಡೆಯತೊಡಗಿತು. ಗೊತ್ತಿಲ್ಲದವರು ಕಳಿಸಿದ ಕಡತಕ್ಕೆ ಆ ತಡೆ ತೆಗೆಯಲೇಬಾರದು. ಆದರೆ ನಮ್ಮ ಅಂಗಡಿಯಲ್ಲೇ ರೆಕಾರ್ಡ್ ಮಾಡಿದ್ದನ್ನು ಬಿಟ್ಟು 65 ಬಿಲ್ಲನ್ನು ಕೈಯಲ್ಲಿ ನಕಲು ಮಾಡಿದರೆ ತಪ್ಪು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಅರ್ಥವಿಲ್ಲ; ಆಯಾಸಗೊಂಡ ಕಣ್ಣೂ ಸಾಲು ಬಿಡುತ್ತದೆ.

ಗುಮಾಸ್ತನಿಗೆ ಕೋಡ್ ಓದಲು ಬಾರದಿರಬಹುದು. ಎಣಿಸಲು ಬರುತ್ತದೆ. ಮೂಲ ಹಾಳೆಯಲ್ಲಿ ಬಿಲ್ಲು ಎಷ್ಟು, ಒಟ್ಟು ಮೊತ್ತ ಎಷ್ಟು, ನಕಲಾದ ಹಾಳೆಯಲ್ಲಿ ಎಷ್ಟು ಎಂದು ಬಟನ್ನಿನ ಪಕ್ಕದ ನಾಲ್ಕು ಮನೆಗಳಲ್ಲಿ ಸೂತ್ರ ಹಾಕಿಡಿ. 65ರ ಎದುರು 40 ಕಂಡರೆ ಯಾರಿಗಾದರೂ ತಿಳಿಯುತ್ತದೆ. ತಿಂಗಳ ಜಿಎಸ್‌ಟಿಆರ್-1ಕ್ಕೆ ಕೊನೆಯ ದಿನ ಮುಂದಿನ ತಿಂಗಳ 11. ಎರಡೂ ಹಾಳೆಗಳ ಈ ಸಂಖ್ಯೆಗಳನ್ನು 10ರೊಳಗೆ ತಾಳೆ ನೋಡಿ.